ಸೌತೆಕಾಯಿ ವಾಸನೆಯ ಮೀನು

ಕುರ್ಶಿಯು ಹಿನ್ನೀರು ಹೆಪ್ಪುಗಟ್ಟಿದೆ ಈ ವಾರ.
ಕಸ್ತೀತಿಸ್ ಮಾವ ಮಂಜುಗಡ್ಡೆಗೆ ತೂತು ಕೊರೆದು
ಮಡಚುವ ಕುರ್ಚಿಯಲ್ಲಿ ಕೂತಿದ್ದಾನೆ ಬೆಳಗಿನಿಂದ.
ಪಕ್ಕದ ಬಕೆಟ್ಟಿನಲ್ಲಿ ಸ್ತಿಂತ, ಗೇಣುದ್ದದ ಬೆಳ್ಳಿ ಮೀನು.
ಮೂಗಿಗೆ ಹಿಡಿದರೆ
ಆಗ ತಾನೆ ಹೆಚ್ಚಿದ ಎಳೆ ಸೌತೆಕಾಯಿ.

ಅದೇ ತೂತಿನಿಂದ ನನ್ನ ಪಾಲಿಗೆ
ಒಂದು ಕಂದು ಗಾಜಿನ ಸೀಸೆಯಷ್ಟು ನೀರು.
"ಅಷ್ಟರಲ್ಲಿ ಏನು ಹುಡುಕ್ತೀಯೆ?"
ಮೀನಿನ ಹೆಜ್ಜೆ, ಅಂದೆ.
ನಕ್ಕ. ಪೂರ್ತಿ ಸುಳ್ಳೇನೂ ಅಲ್ಲ.

ಪ್ರಯೋಗಾಲಯದ ಬಾಗಿಲಲ್ಲೇ ಸ್ಕೈಸ್ತೆ ಕೇಳುತ್ತಾಳೆ: ಹತ್ತಿ ಅಂಗಿ ತಾನೆ?
ಹೋದ ಸಲ ನನ್ನ ಜಾಕೆಟ್ಟಿನ ಎಳೆಗಳೇ
ಏನೂ ಬೆರೆಸದ ನೀರಿನ ಮಾದರಿಯಲ್ಲಿ ತೇಲಿ
ಎರಡು ತಿಂಗಳ ಕೆಲಸ
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಸಾಸಿವೆಯ ಅಗಲವನ್ನು ಸಾವಿರ ಪಾಲು ಮಾಡಿ
ಅದರಲ್ಲೊಂದನ್ನು ಮತ್ತೆ ಇಪ್ಪತ್ತು.
ಅಷ್ಟು ಸಣ್ಣದಾದ ಮೇಲೆ ಪ್ಲಾಸ್ಟಿಕ್ಕಿಗೆ
ಚೀಲ, ಚಮಚ, ಹರಿದ ಬಲೆ ಎಂಬ ಹೆಸರಿಲ್ಲ,
ಮೈಯೆಲ್ಲ ಬರೀ ಚರ್ಮ.
ನೀರನ್ನು ಒಲ್ಲದ್ದು ಅದು.
ಹಾರ್ಮೋನೂ ಒಲ್ಲದ್ದೇ:
ಮಾತ್ರೆಯಾಗಿ ಒಳಹೊಕ್ಕು, ಮೂತ್ರವಾಗಿ ಇಳಿದು,
ಊರ ಚರಂಡಿ, ಶುದ್ಧೀಕರಣದ ತೊಟ್ಟಿ ದಾಟಿ
ನೆಮುನಸ್ ಹೊಳೆಯ ಜೊತೆ ಬಂದದ್ದು.
ನೀರು ಬೇಡದವೆರಡು ನೀರಲ್ಲೇ ಎದುರಾದರೆ
ಹಿಡಿದುಕೊಳ್ಳುತ್ತವೆ, ಉಡದ ಹಿಡಿತ.

ಇಷ್ಟು ಗೊತ್ತು.
ಆಮೇಲಿನದು ದಿನಕ್ಕೊಂದು ಥರ.
ಮೊದಲ ತೊಟ್ಟಿಯಲ್ಲಿ ಪ್ಲಾಸ್ಟಿಕ್ಕು ಕಾವಲುಗಾರ:
ಹಾರ್ಮೋನನ್ನು ತನ್ನ ಮೈಗೇ ಕಟ್ಟಿಕೊಂಡು ಕೂತಿತು,
ಗಂಡು ಗಂಡಾಗಿಯೇ ಉಳಿಯಿತು.
ಮೂರನೆಯದರಲ್ಲಿ ಅದೇ ಅಂಚೆಯವನು:
ಕರುಳು ದಾಟಿ, ಬಾಗಿಲು ತಟ್ಟಿ, ಕೈಗೇ ಕೊಟ್ಟು ಹೋಯಿತು.
ಗಂಡು ಮೀನಿನ ನೆತ್ತರಲ್ಲಿ
ಮೊಟ್ಟೆಯ ಹಳದಿ ತಯಾರಾಗುತ್ತಿದೆ,
ಮೊಟ್ಟೆಯೇ ಇಲ್ಲವೆಂದು ಅದಕ್ಕೆ ಯಾರೂ ಹೇಳಿಲ್ಲ.
ಸ್ಕೈಸ್ತೆ ಎರಡನ್ನೂ ಬರೆದಿಟ್ಟಳು, ಪೆನ್ಸಿಲಿನಲ್ಲಿ.

ರಾತ್ರಿ ಒಂಬತ್ತಕ್ಕೆ ಫೋನು ಗುಂಯ್‌ಗುಡುತ್ತದೆ.
ಬೆಳ್ಳಿ ಹಾಳೆ ಒತ್ತಿದರೆ
ಟಪ್ಪೆಂದು ಅಂಗೈಗೆ ಬೀಳುತ್ತದೆ ಗುರುವಾರ.
ತಿಂಗಳಿಗೆ ನಾಲ್ಕು ದಿನ ನೆಲ ಹಿಡಿಸುತ್ತಿದ್ದ ನೋವು
ಮೂರು ವರ್ಷದಿಂದ ಬಂದಿಲ್ಲ.
ಬಿಡುವುದಿಲ್ಲ ನಾನು ಇದನ್ನು.
ಮೀನಿನ ಮುಂದೆ ಮಂಡಿಯೂರುವುದೂ ಇಲ್ಲ;
ಹೊಳೆಯ ಮೇಲುಗಡೆ ಎಷ್ಟು ಊರು,
ಎಷ್ಟು ಒಂಬತ್ತು ಗಂಟೆ.
ಆದರೂ ಫ್ಲಶ್ ಒತ್ತುವಾಗ
ಬೆರಳು ಒಂದು ಗಳಿಗೆ ತಡೆಯುತ್ತದೆ.

ಕೆಳಮನೆಯಿಂದ ಮಾವನ ಕೂಗು:
ಹಿಟ್ಟಲ್ಲಿ ಹೊರಳಿಸಿ ಕರಿದ ಸ್ತಿಂತ,
ತಲೆ ಬಾಲ ಮುಳ್ಳು ಸಮೇತ ತಿನ್ನಬೇಕಾದ್ದು.
"ಹೇಳು ನೋಡೋಣ, ಗಂಡೋ ಹೆಣ್ಣೋ ಇದು?"
ಎತ್ತಿ ತೋರಿಸುತ್ತಾನೆ, ತಮಾಷೆಗೆ.
ನಾನು ತಟ್ಟೆ ಮುಂದೆ ಚಾಚಿದೆ.

ಕರಿದ ಮೇಲೆ ಸೌತೆಕಾಯಿ ವಾಸನೆ ಇರುವುದಿಲ್ಲ.
ನನ್ನ ಬೆರಳಲ್ಲಿದೆ, ಬೆಳಗಿನದು,
ಮೂರು ಸಲ ಸೋಪು ಹಾಕಿದರೂ.