ಮೊಸರಿನ ಪಕ್ಕದಲ್ಲಿ

ಮೊದಲ ಸಲ ಬಂದದ್ದು ಇವರಿಗೆ ಐವತ್ತು ತುಂಬಿದಾಗ.
ಸರ್ಕಾರದ ಲಕೋಟೆ, ಒಳಗೆ ಎರಡು ಪುಟ್ಟ ನಳಿಕೆ,
ವಾಪಸು ಕಳಿಸಲು ಇನ್ನೊಂದು ಲಕೋಟೆ.
“ಇದನ್ನೂ ಅಂಚೆಗೆ ಹಾಕುತ್ತಾರೇನೇ ಜನ!” ಎಂದು ನಕ್ಕು
ಅಕ್ಕಿ ಡಬ್ಬದ ಹಿಂದಕ್ಕೆ ತಳ್ಳಿದರು.
ಅಲ್ಲೇ ಇತ್ತು ಅದು, ತಾರೀಖು ಮುಗಿದು, ಅಕ್ಕಿಹುಳದ ಜೊತೆ.

ಎರಡು ವರ್ಷಕ್ಕೆ ಮತ್ತೆ ಬಂತು.
ಬೆಂಡಿಗೋದ ನವೆಂಬರು, ಬೆಳಿಗ್ಗೆಯೇ ತಗಡು ಕಾಯುವ ಸೆಕೆ.
ಈ ಸಲ ನಾನೇ ಹಾಳೆ ಬಿಡಿಸಿ ಗಟ್ಟಿಯಾಗಿ ಓದಿದೆ:
ಅಂಚೆಗೆ ಹಾಕುವ ತನಕ ತಂಪಿನಲ್ಲಿಡಿ. ಫ್ರಿಜ್ಜಿನಲ್ಲಿ.

ಫ್ರಿಜ್ಜಿನಲ್ಲಿ!
ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಿದರೆ
ಮನೆ ಎತ್ತಿ ಕೂರಿಸುವ ವಾದಿರಾಜರ ಫ್ರಿಜ್ಜಿನಲ್ಲಿ,
ದೇವರ ಹಾಲು, ಹೆಪ್ಪಿನ ಮೊಸರು ಇರುವಲ್ಲಿ.
ಚೀಲದೊಳಗೆ ಚೀಲ, ಅದರ ಮೇಲೊಂದು ಐಸ್‌ಕ್ರೀಮ್ ಡಬ್ಬಿ.
ಎರಡು ದಿನ ಮನುಷ್ಯ ಹಾಲಿಲ್ಲದ ಕಾಫಿ ಕುಡಿದರು.
ಮೂರನೆಯ ದಿನ ಕೆಂಪು ಡಬ್ಬಕ್ಕೆ ಹಾಕಿ ಬಂದು
ತಲೆಗೆ ನೀರು ಸುರಿದುಕೊಂಡರು.

ಎರಡು ವಾರಕ್ಕೆ ಕಾಗದ: ರಕ್ತ ಇದೆ, ಕಣ್ಣಿಗೆ ಕಾಣದಷ್ಟು.
“ನೋವಿಲ್ಲ, ಸಂಕಟ ಇಲ್ಲ. ದಿನಾ ಕೆರೆ ಎರಡು ಸುತ್ತು ಹಾಕುತ್ತೇನೆ.
ನನಗೆಂಥದು?”
ಹಾಗೆಂದವರು ಆ ರಾತ್ರಿ ಸಂಧ್ಯಾವಂದನೆ ಎರಡು ಸಲ ಮಾಡಿದರು.

ಪರೀಕ್ಷೆಯ ಹಿಂದಿನ ದಿನ ಬರೀ ತಿಳಿನೀರು.
“ನಿರ್ಜಲ ಏಕಾದಶಿ ಮಾಡಿದವನಿಗೆ ಇದೊಂದು ಲೆಕ್ಕವೇ?”
ಅದರ ಮೇಲೆ ಔಷಧ ಕುಡಿದರು. ಲೆಕ್ಕ
ಬೆಳಗಾಗುವ ತನಕ ತಪ್ಪುತ್ತಲೇ ಇತ್ತು.

ಡಾಕ್ಟರ್ ಲಿಯೆನ್ ಚಿತ್ರ ತೋರಿಸಿದಳು:
ಕರುಳಿನ ಗೋಡೆಗೆ ತೊಟ್ಟು ಕಚ್ಚಿ ನಿಂತ ಒಂದು ಗಂಟು,
ತೊಗರಿಬೇಳೆಗಿಂತ ತುಸು ದೊಡ್ಡದು.
“ತೆಗೆದುಬಿಟ್ಟೆ. ಇನ್ನೂ ಕೆಟ್ಟಿರಲಿಲ್ಲ. ಐದಾರು ವರ್ಷ ಹಾಗೇ ಬಿಟ್ಟಿದ್ದರೆ...”
ವಾಕ್ಯ ಮುಗಿಸದೆ ಕೈ ತೊಳೆಯಲು ಹೋದಳು.

ಕಾರಿನಲ್ಲಿ ನಾನು ಮುಗಿಸಿಕೊಂಡೆ ಅದನ್ನು, ಮನಸ್ಸಿನಲ್ಲೇ,
ಒಂದು ಸಲವಲ್ಲ.
ಅಕ್ಕಿ ಡಬ್ಬದ ಹಿಂದಿನ ಲಕೋಟೆ ನೆನಪಾಯಿತು,
ಬೇಳೆ ಆಗ ಸಾಸಿವೆಯಷ್ಟಿತ್ತೋ ಏನೋ.
ಇವರು ಕಿಟಕಿಯಾಚೆ ನೋಡುತ್ತ
“ಹಸಿವು” ಎಂದರು, ಅಷ್ಟೇ.

ಈಗ ಪಂಚಾಂಗದಲ್ಲಿ ಏಕಾದಶಿಗಳ ನಡುವೆ
ಕೆಂಪು ಶಾಯಿಯ ಒಂದು ಸುತ್ತು.
ಮೂರು ವರ್ಷಕ್ಕೆ ಮತ್ತೆ ಹೋಗಬೇಕಂತೆ;
ಆ ವರ್ಷದ ಪಂಚಾಂಗ ಅಚ್ಚಾಗುವ ತನಕ
ವರ್ಷವರ್ಷವೂ ಗುರುತು ದಾಟಿಸಿಕೊಳ್ಳುತ್ತಾರೆ.

ಮೊನ್ನೆ ನನ್ನ ಲಕೋಟೆ ಬಂತು. ಐವತ್ತು ನನಗೂ.
ಅಡುಗೆಮನೆಯಲ್ಲಿ ಹಿಡಿದು ನಿಂತೇ ಇದ್ದೆ,
ಯಾಕೋ ಕಣ್ಣು ಅಕ್ಕಿ ಡಬ್ಬದ ಕಡೆಗೇ ಹೋಯಿತು.
ಇವರು ಬಂದರು, ಏನೂ ಕೇಳಲಿಲ್ಲ.
ಫ್ರಿಜ್ಜಿನ ಬಾಗಿಲು ತೆಗೆದು
ಮೊಸರಿನ ಪಾತ್ರೆಯನ್ನು ಆಚೆ ಸರಿಸಿ
“ಇಲ್ಲಿ ಜಾಗ ಇದೆ” ಎಂದರು.