ಒಂದೇ ಒತ್ತು

ಮೊದಲ ದಿನ ಪೂರ್ತಿಯಾಗಿ ಒತ್ತಿದೆ, ಅಕ್ಷರ ಅಕ್ಷರ:
'ನನಗೆ ನೆನಪಿಲ್ಲ.'
ಎರಡನೆಯ ದಿನ ಊಟದ ಹೊತ್ತಿಗೆ ಬೆರಳು ಸೋತು
ಅದಕ್ಕೊಂದು ಗುರುತು ಮಾಡಿಕೊಂಡೆ:
ಎಡಗೈಯ ಎರಡು ಕೀಲಿ, ಬಲಗೈಯ ಹೆಬ್ಬೆರಳು,
ಒಂದೇ ಒತ್ತು.
ಶೀಘ್ರಲಿಪಿಯವರಿಗೆ ಇದು ತಪ್ಪಲ್ಲ.
'ಮಾನ್ಯ ಅಧ್ಯಕ್ಷರೇ' ಎಂಬುದಕ್ಕೂ ಒಂದೇ ಒತ್ತು,
'ದೇವರಾಣೆ'ಗೂ.

ಲಾರ್ಡ್ ಥ್ರೆಲ್‌ಫಾಲ್ ಬಂದವರೇ ನೀರು ಕೇಳಿದರು,
ಗುಳ್ಳೆಯಿಲ್ಲದ್ದು.
ಎಂಬತ್ತೊಂದರ ಕೈ ನಡುಗಿತು, ಲೋಟ ನಡುಗಿತು,
ಹಿಂದಿನ ಸಾಲಿನಲ್ಲಿ ಯಾರೋ 'ಪಾಪ' ಅಂದರು.
ಬರೆದುಕೊಳ್ಳಲಿಲ್ಲ.
ಗ್ಯಾಲರಿಯ ಮಾತು ದಾಖಲೆಗೆ ಬಾರದು.

ಗ್ರಿಮ್ಸ್‌ಬಿಯ ಎನಿಡ್ ಪಿಕರ್ಸ್‌ಗಿಲ್ ಬಂದದ್ದು ಅದರ ಹಿಂದಿನ ವಾರ.
ಮಳೆಕೋಟು ಬಿಚ್ಚದೆ ಕೂತಳು.
ಗಂಡ ದೋಣಿಯೊಡನೆ ಮುಳುಗಿದ ಮೇಲೆ ಹನ್ನೊಂದು ರಾತ್ರಿ
ಅವನ ಫೋನಿಗೆ ಕರೆ ಮಾಡುತ್ತಿದ್ದಳಂತೆ,
'ವಿಲ್ಫ್ ಇಲ್ಲಿಲ್ಲ, ಹೇಳುವುದಿದ್ದರೆ ಹೇಳಿ'
ಎನ್ನುವ ದನಿಗಾಗಿ.
ಹೇಳು ಅಂದನಲ್ಲ, ಹೇಳಿದಳು:
'ಬಾಯ್ಲರ್ ಕೋಣೆಯ ಕೀಲಿ ಎಲ್ಲಿಟ್ಟೆ?
ಮನೆ ತಣ್ಣಗಿದೆ.'

ಆ ಪೆಟ್ಟಿಗೆಯೊಳಗೆ ಕೂಲಿಯ ಕಿವಿಯೊಂದು ಮೊದಲೇ ಕೂತಿತ್ತು.
ಭಾನುವಾರದ 'ಲ್ಯಾಂಟರ್ನ್', ಮುಖಪುಟ,
ಮುಷ್ಟಿಗಾತ್ರದ ಅಕ್ಷರ:
ಮನೆ ತಣ್ಣಗಿದೆ, ವಿಲ್ಫ್!
ಉದ್ಗಾರ ಚಿಹ್ನೆ ನನ್ನದಲ್ಲ, ಎಂದಳು ಎನಿಡ್.
ಅದನ್ನು ಎರಡು ಸಲ ಹೇಳಿದಳು. ಎರಡು ಸಲ ಬರೆದೆ.

ಊರಿಗೆ ಊರೇ ಈಗ ಕಟಕಟೆ ಹಾಕಿಕೊಂಡಿದೆ.
ಬಸ್ಸಿನಲ್ಲಿ: ಆರು ಸಾವಿರ ಜನ ನೌಕರರು ಮಾರಾಯರೇ,
ಒಬ್ಬೊಬ್ಬನ ಜೇಬಿಗೂ ಕೈ ಹಾಕಿ ನೋಡಲಿಕ್ಕಾಗುತ್ತದೆಯೇ ಮಾಲೀಕ?
ಮೀನು ಕರಿಯುವ ಸ್ಟಾವ್ರೋಸ್: ನನ್ನ ಎಣ್ಣೆ ಕಮಟು ಹೊಡೆದರೆ
ದಂಡ ಯಾರಿಗೆ, ಪಾತ್ರೆ ತೊಳೆಯುವ ಹುಡುಗನಿಗೋ?
ರೇಡಿಯೋದಲ್ಲಿ ಗೊಗ್ಗರು ದನಿಯ ಪ್ರೊಫೆಸರ್: ಇವತ್ತು ಇವನ ಬಾಯಿಗೆ ಬೀಗ,
ನಾಳೆ ನಿಜ ಹೇಳುವವನ ಬಾಯಿಗೆ.
ಬೀಗದ ಅಳತೆ ಒಂದೇ.
ಆ ಮಾತೂ ಸುಳ್ಳಲ್ಲ. ಕಷ್ಟ ಇರುವುದೇ ಅಲ್ಲಿ.

ನನ್ನ ಅಕ್ಕ ಡಿಲಿಸ್, ಈರುಳ್ಳಿ ಹೆಚ್ಚುತ್ತ:
ಪತ್ರಿಕೆ ಮುಚ್ಚಿಸಿ, ಆಯ್ತು.
ಮುದ್ರಣಾಲಯದಲ್ಲಿ ರಾತ್ರಿಪಾಳಿ ನಮ್ಮವರದು.
ಮನೆಸಾಲದ ಕಂತು ಎನಿಡ್ ಕಟ್ಟುತ್ತಾಳಾ?

ಗುರುವಾರ. ವಕೀಲೆ ಒಫೊರಿ ಕಾಗದ ಮಗುಚಿದರು.
ಕಿವಿ ಕೊಟ್ಟವನಿಗೆ ದುಡ್ಡು ಕೊಟ್ಟವರಾರು?
ಒತ್ತು.
ಚೀಟಿಗೆ ಸಹಿ?
ಒತ್ತು.
ಆ ಶನಿವಾರ ಸಂಪಾದಕನ ಜೊತೆ ಊಟ?
ಒತ್ತು.
'ಆ ಭಾನುವಾರ ಎಷ್ಟು ಪ್ರತಿ ಹೆಚ್ಚಿಗೆ ಹೋಯಿತು?'

'ಎರಡು ಲಕ್ಷದ ಹನ್ನೆರಡು ಸಾವಿರದ ನಾನೂರ ಆರು.'

ಲೋಟ ನಡುಗಲಿಲ್ಲ.
ಮುದುಕನ ಮುಖದಲ್ಲಿ ಒಂದು ಕ್ಷಣ
ಮೊಮ್ಮಗನ ತೂಕ ಹೇಳುವವರ ಬೆಳಕು.
ಹೀಟರಿನ ಗುಯ್‌ಗುಡುವಿಕೆ ಕೇಳುವಷ್ಟು ಮೌನ.
ಅದಕ್ಕೆ ನನ್ನ ಹತ್ತಿರ ಗುರುತಿರಲಿಲ್ಲ.
ಅಂಕಿ ಅಂಕಿಯಾಗಿ ಒತ್ತಿದೆ.

ನಾನೂರ ಆರರಲ್ಲಿ ಆ ಕೊನೆಯ ಒಂದು
ನನ್ನದಿರಬಹುದು.
ಎಂದೂ ಕೊಳ್ಳದವಳು ಲೂಯಿಶಮ್ ಸ್ಟೇಷನ್ನಿನಲ್ಲಿ ಕೊಂಡೆ,
ನಿಂತೇ ಓದಿದೆ, ಇಳಿಯುವ ಸ್ಟಾಪ್ ತಪ್ಪಿ ಹೋಯಿತು.
ಕಣ್ಣೊರೆಸಿಕೊಂಡೆ ಕೂಡ, ಸುಳ್ಳೇಕೆ.
ಸಂಜೆ ಅದರಲ್ಲೇ ಆಲೂಗಡ್ಡೆ ಸಿಪ್ಪೆ ಸುತ್ತಿದೆ.

ಕುಂಬಳಕಾಯಿ ಕಳ್ಳ ಎಂದರೆ
ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕು.
ಅವರು ಇನ್ನೊಂದು ಗುಟುಕು ನೀರು ಕುಡಿದರು.
ತುರಿಸಿದ್ದು ನನ್ನ ಹೆಗಲು.
ಎರಡೂ ಕೈ ಕೀಲಿಗಳ ಮೇಲಿದ್ದವು,
ಒಫೊರಿ ಮುಂದಿನ ಪ್ರಶ್ನೆಯ ಅರ್ಧಕ್ಕೆ ಬಂದಿದ್ದರು.