ಗೆರೆಯಾಚೆಯ ನೀರು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದಿನ ಬೀದಿ.
ನೂಲು ಬಿಚ್ಚಾಣಿಕೆ ಶೆಡ್ಡಿನ ಮೇಲೊಂದು ಕೋಣೆ.
ಕೆಳಗೆ ಬೆಂದ ಗೂಡಿನ ನಾತ, ಮೇಲೆ ನನ್ನ ಲ್ಯಾಪ್‌ಟಾಪು.
ಮೂಗು ಮೂರೇ ದಿನಕ್ಕೆ ಒಗ್ಗಿಕೊಂಡಿತು.
ಕಣ್ಣಿಗೆ ಮಾತ್ರ ಹೊಸ ಯಂತ್ರ ಇನ್ನೂ ಸಿಕ್ಕಿಲ್ಲ:
ಅದಿರುವುದು ಪರದೆಯಲ್ಲಿ, ಚೌಕ ಚೌಕವಾಗಿ.

ಮೊದಲು ಹೀಗಿರಲಿಲ್ಲ.
ಮೋಟರಿನವರದೊಂದು ಎಕ್ಸೆಲ್ಲು, ಬಾಯ್ಲರಿನವರದೊಂದು ನಕ್ಷೆ,
ಸೆನ್ಸರ್ ಹುಡುಗ ಯತಿರಾಜನ ಲೆಕ್ಕವೆಲ್ಲ
ಯಾರದೋ ಮದುವೆ ಕಾರ್ಡಿನ ಬೆನ್ನ ಮೇಲೆ.
ಒಬ್ಬರು ಬದಲಿಸಿದ್ದು ಇನ್ನೊಬ್ಬರಿಗೆ ತಿಳಿಯುತ್ತಿದ್ದುದು
ಬೋಲ್ಟು ತೂತಿಗೆ ಕೂರದಿದ್ದಾಗ.

ಈಗ ಎಲ್ಲಕ್ಕೂ ಒಂದೇ ಮಾದರಿ.
‘ಎಳೆ ಕಡಿಯಬಾರದು’: ಬೇಡಿಕೆ ಸಂಖ್ಯೆ ಹದಿನೇಳು.
ಅಲ್ಲಿಂದ ಒಂದು ಗೆರೆ ರಾಟೆಯ ವೇಗಕ್ಕೆ,
ಇನ್ನೊಂದು ಬಾಣಲೆಯ ಬಿಸಿಗೆ,
ಬಿಸಿಯಿಂದ ಕವಾಟಕ್ಕೆ, ಕವಾಟದಿಂದ ಕಾಸಿಗೆ.
ಬಿಸಿಯನ್ನು ಎರಡು ಡಿಗ್ರಿ ಏರಿಸಿ ನೋಡಿ,
ಹನ್ನೊಂದು ಚೌಕ ಕೆಂಪಗೆ ಕಣ್ಣು ಬಿಡುತ್ತವೆ,
ರಾತ್ರಿ ಒಂದು ಮಗು ಕೆಮ್ಮಿದರೆ
ಮನೆಮಂದಿಯೆಲ್ಲ ಎದ್ದು ಕೂತ ಹಾಗೆ.

ಹೆಮ್ಮೆಪಟ್ಟೆ, ಸುಳ್ಳೇಕೆ?
ಮಾರ್ಚಿಗೆ ಮಾದರಿಯೊಳಗೆ ಎಲ್ಲ ಹಸಿರು.
ಕೆಳಗೆ ಮೊದಲ ಬಾಣಲೆ ಕಾಯಿತು.
ಎಳೆ ಕಡಿಯಿತು.
ಗಂಟು ಹಾಕಿದೆವು, ಕಡಿಯಿತು.
ವೇಗ ಇಳಿಸಿದೆವು, ಬಿಸಿ ಇಳಿಸಿದೆವು, ದನಿ ಇಳಿಸಿದೆವು.
ಕಡಿಯಿತು.

ಮೂವತ್ತು ವರ್ಷ ಗೂಡು ಬೇಯಿಸಿದ ಖಮರುನ್ನೀಸಾ
ನೆನೆದು ಬಿಳಿಚಿದ ಬೆರಳು ಸೆರಗಿಗೊರಸಿ ಕೇಳಿದಳು:
“ನೀರು ನಾಲಿಗೆ ಮ್ಯಾಲೆ ಇಟ್ಟು ನೋಡಿದ್ರಾ ಮೇಡಂ?”

ಇಟ್ಟೆ. ಉಪ್ಪಲ್ಲ, ಒಗರಲ್ಲ,
ಗೋಡೆ ನೆಕ್ಕಿದ ಹಾಗೆ, ಸುಣ್ಣ ಸುಣ್ಣ.
“ಯುಗಾದಿ ಸುತ್ತ ಹಿಂಗೇ. ಬೋರು ಕೆಳಕ್ಕೆ ಹೋದಂಗೆಲ್ಲ
ನೀರು ಗಡಸಾಯ್ತದೆ. ಗೂಡು ಮನಸು ಬಿಚ್ಚಲ್ಲ.”

ಮೆಟ್ಟಿಲು ಹತ್ತಿದೆ. ಪರದೆಯಲ್ಲಿ ಯಂತ್ರದ ಸುತ್ತ
ಕಳೆದ ಜೂನಿನಲ್ಲಿ ನಾನೇ ಎಳೆದ ಗೆರೆ:
ಒಳಗಿನದು ನಮ್ಮದು, ಹೊರಗಿನದು ಲೋಕ.
ನೀರು ಹೊರಗಿತ್ತು. ಒಂದು ಬಾಣದ ಗುರುತು,
ಪಕ್ಕದಲ್ಲಿ ಎರಡಕ್ಷರ.
ಬರೆದ ದಿನ ಯತಿರಾಜ ಕೇಳಿದ್ದ, “ಎಂಥ ನೀರು?”
“ನೀರು ಅಂದ್ರೆ ನೀರಪ್ಪ” ಅಂದಿದ್ದೆ.

ಈಗ ಆ ಗೆರೆಯನ್ನು ಮೌಸಿನ ತುದಿಯಲ್ಲಿ ಹಿಡಿದು
ಎಳೆಯುತ್ತಿದ್ದೇನೆ. ಬೋರ್‌ವೆಲ್ ಒಳಗೆ ಬಂತು.
ಅದರ ಬೆನ್ನಿಗೇ ಬೇಸಿಗೆ.
ಬೇಸಿಗೆಯ ಕೈ ಹಿಡಿದು ಪಕ್ಕದ ಹಿಪ್ಪುನೇರಳೆ ತೋಟದವನ
ಸಾವಿರದಿನ್ನೂರು ಅಡಿಯ ಹೊಸ ಕೊಳವೆ.
ಎಲ್ಲಿ ನಿಲ್ಲಿಸಲಿ? ಅಮಾನಿ ಕೆರೆಯಲ್ಲೇ? ಮೋಡದಲ್ಲೇ?
ಎಲ್ಲವೂ ಒಳಗೆ ಬಂದರೆ
ಅದು ಮಾದರಿಯಲ್ಲ, ಊರು.

ಸದ್ಯಕ್ಕೆ ಹೊಸದೊಂದು ಚೌಕ ಬರೆದಿದ್ದೇನೆ. ಹೆಸರು: ನಾಲಿಗೆ.
ಪರೀಕ್ಷಿಸುವವರು: ಖಮರುನ್ನೀಸಾ.
ಅಳತೆಯ ಏಕಮಾನ ಕಡ್ಡಾಯ ಎನ್ನುತ್ತಿದೆ ತಂತ್ರಾಂಶ.
ಖಾಲಿ ಬಿಟ್ಟಿದ್ದೇನೆ. ಮೂಲೆಯಲ್ಲೊಂದು ಕೆಂಪು ಚುಕ್ಕಿ
ಮಿನುಗುತ್ತಲೇ ಇದೆ.

ಕೆಳಗಿನಿಂದ ಕೂಗು: ಟ್ಯಾಂಕರು ಬಂತು!
ಇಳಿದು ಓಡುತ್ತೇನೆ, ಬಿಂದಿಗೆ ಇಲ್ಲದೆ,
ಎಂಥ ನೀರು ಎಂದು ಕೇಳಲು.